ಒಲೆಯ ಮುಂದಿನ ಪೌರುಷ

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳಲು ಶುರುಮಾಡಿ ಮೂವತ್ತು ವರ್ಷ ದಾಟಿತು. ಅರವತ್ತು ಮಕ್ಕಳ ತರಗತಿಯಲ್ಲಿ ನಾನು ಪಾಣಿಪತ್ ಕದನವನ್ನು ವರ್ಣಿಸುತ್ತಿದ್ದರೆ ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಬಾಗಿಲಿಗೆ ಬಂದು, "ಮೇಡಂ, ಯುದ್ಧ ಸ್ವಲ್ಪ ಮೆತ್ತಗೆ ನಡೆಸಿ, ನನ್ನ ಮಕ್ಕಳೂ ನಿಮ್ಮ ಸೈನ್ಯಕ್ಕೇ ಸೇರಿಬಿಟ್ಟಿದ್ದಾರೆ" ಎಂದು ನಗುತ್ತಾರೆ. ಗಂಟಲು ಅಷ್ಟು ದೊಡ್ಡದು.

ಆದರೆ ಅದೇ ನಾನು ಮೈಕಿನ ಮುಂದೆ ನಿಂತರೆ ಬೇರೆಯೇ ಹೆಂಗಸು. ಎದುರಿಗೆ ಮಕ್ಕಳ ಬದಲು ದೊಡ್ಡವರು ಕುಳಿತಿದ್ದರೆ ಸಾಕು, ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಕೈ ನಡುಗಿ ಹಿಡಿದ ಕಾಗದವೇ ಸದ್ದು ಮಾಡತೊಡಗುತ್ತದೆ. ಒಮ್ಮೆ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ಮಾಡಲು ಹೋಗಿ, ಶಾಮಿಯಾನ ಹಾಕಿದವರಿಗೂ ಮೈಕಿನವರಿಗೂ ವಂದಿಸಿ, ಮುಖ್ಯ ಅತಿಥಿಗಳನ್ನೇ ಮರೆತು ಕೆಳಗಿಳಿದು ಬಂದಿದ್ದೆ. ಮನೆಗೆ ಬಂದ ಮೇಲೆ ನಮ್ಮ ಯಜಮಾನರು, "ಉತ್ತರನ ಪೌರುಷ ಒಲೆಯ ಮುಂದೆ, ನಿನ್ನ ಪೌರುಷ ಬೋರ್ಡಿನ ಮುಂದೆ" ಎಂದರು. ನಾನೂ ನಕ್ಕೆ. ನಗದೆ ಏನು ಮಾಡಲಿ? ನಮ್ಮ ಹಿರಿಯರು ಇದಕ್ಕೆ ಸಭಾಕಂಪನ ಎಂದು ಹೆಸರಿಟ್ಟಿದ್ದಾರೆ. ಹೆಸರೇ ಇದೆ ಎಂದ ಮೇಲೆ ಕಾಯಿಲೆ ನನ್ನೊಬ್ಬಳದಲ್ಲ ಎಂಬುದೊಂದು ಸಮಾಧಾನ.

ನನ್ನ ಹೆದರಿಕೆಯೇನೋ ನಗೆಯಲ್ಲಿ ಮುಗಿಯಿತು. ಇನ್ನೊಬ್ಬಳ ಹೆದರಿಕೆ ಹಾಗೆ ಮುಗಿಯಲಿಲ್ಲ. ಅದಕ್ಕೆ ಕಾರಣ ನಾನು.

1997ರ ಆಗಸ್ಟ್ 15. ಸ್ವಾತಂತ್ರ್ಯಕ್ಕೆ ಐವತ್ತು ತುಂಬಿದ ವರ್ಷ. ಊರಿನ ಮೈದಾನದಲ್ಲಿ ಎಲ್ಲ ಶಾಲೆಗಳೂ ಸೇರಿದ್ದವು. ಎಂಟನೇ ತರಗತಿಯ ಒಬ್ಬ ಹುಡುಗಿ ಚೆನ್ನಾಗಿ ಬರೆಯುತ್ತಿದ್ದಳು, ಸ್ಪಷ್ಟವಾಗಿ ಓದುತ್ತಿದ್ದಳು. ಭಾಷಣಕ್ಕೆ ಅವಳ ಹೆಸರನ್ನೇ ಕೊಟ್ಟೆ. "ಬೇಡ ಟೀಚರ್, ನನ್ನ ಕೈಲಾಗಲ್ಲ" ಎಂದು ಮೂರು ದಿನ ನನ್ನ ಹಿಂದೆ ಸುತ್ತಿದಳು. "ಒಂದು ಸಲ ಹತ್ತಿ ನಿಂತರೆ ಹೆದರಿಕೆ ತಾನಾಗಿ ಓಡಿಹೋಗುತ್ತೆ" ಎಂದು ನಾನೇ ಬೆನ್ನ ಮೇಲೆ ಕೈಯಿಟ್ಟು ಮೆಟ್ಟಿಲು ಹತ್ತಿಸಿದೆ. ಅವಳು "ಮಾನ್ಯ ಅಧ್ಯಕ್ಷರೇ" ಎಂದಳು. ಮುಂದಿನ ಮಾತು ಬರಲಿಲ್ಲ. ಲಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ನಿಂತಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅವಳು ಇಳಿದು ಓಡಿದವಳು ನಾಲ್ಕು ದಿನ ಶಾಲೆಗೆ ಬರಲಿಲ್ಲ. ಬಂದ ಮೇಲೂ ಹತ್ತನೇ ತರಗತಿ ಮುಗಿಯುವವರೆಗೆ ಒಂದು ಪ್ರಶ್ನೆಗೂ ಕೈ ಎತ್ತಲಿಲ್ಲ. ಓಡಿಹೋದದ್ದು ಹೆದರಿಕೆಯಲ್ಲ, ಮಗು.

ಎರಡು ವರ್ಷದ ಹಿಂದೆ ದೀಪಾವಳಿಗೆ ನನ್ನ ಅಣ್ಣನ ಮಗ ಬೆಂಗಳೂರಿನಿಂದ ಬಂದ. ಬರುವಾಗ ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಡಬ್ಬಿಯನ್ನು ತಂದಿದ್ದ. "ಅತ್ತೆ, ಇದನ್ನು ಹಾಕ್ಕೊಂಡು ನೋಡಿ" ಎಂದು ತಲೆಗೆ ಬಿಗಿದ. ನೋಡುತ್ತೇನೆ, ಮುಗಿಲೆತ್ತರದ ಕಟ್ಟಡದ ಅಂಚಿನಲ್ಲಿದ್ದೇನೆ, ಕಾಲಡಿಗೆ ಒಂದು ಹಲಗೆ, ಅದರ ಕೆಳಗೆ ಇರುವೆಗಳಂತೆ ಕಾರುಗಳು. ನಾನು ನಿಂತಿರುವುದು ನಮ್ಮ ನಡುಮನೆಯ ಚಾಪೆಯ ಮೇಲೆ ಎಂದು ನನಗೆ ಚೆನ್ನಾಗಿ ಗೊತ್ತು. ಅಡುಗೆಮನೆಯಿಂದ ಒಬ್ಬಟ್ಟಿನ ವಾಸನೆ ಬರುತ್ತಿದೆ. ಆದರೂ ಮೊಣಕಾಲು ನಡುಗಿ, ಬೀರುವಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂಗಿಬಿಟ್ಟೆ. ನಮ್ಮತ್ತೆ ಬೊಚ್ಚುಬಾಯಿ ತೆರೆದು ನಕ್ಕದ್ದೇ ನಕ್ಕದ್ದು.

ಇದಕ್ಕೆ ವರ್ಚುವಲ್ ರಿಯಾಲಿಟಿ ಎನ್ನುತ್ತಾರೆ. ಕನ್ನಡದಲ್ಲಿ ಮಿಥ್ಯಾವಾಸ್ತವ ಎಂದು ಬರೆಯುವುದೂ ಉಂಟು. ಹಗ್ಗವನ್ನು ಹಾವೆಂದು ತಿಳಿದು ಬೆವರುವ ದೃಷ್ಟಾಂತವನ್ನು ವೇದಾಂತದವರು ಹೇಳುವುದನ್ನು ಕೇಳಿದ್ದೆ. ಇಲ್ಲಿ ಹಗ್ಗವೆಂದು ತಿಳಿದಿದ್ದೂ ಬೆವರಿದ್ದೆ. ನಗು ಮುಗಿದ ಮೇಲೆ ಹುಡುಗ ಹೇಳಿದ: "ಅತ್ತೆ, ಇದು ಬರೀ ಆಟ ಅಲ್ಲ. ಎತ್ತರ ಕಂಡರೆ ಹೆದರೋರಿಗೆ, ಭಾಷಣ ಅಂದ್ರೆ ಹೆದರೋರಿಗೆ ಇದರಲ್ಲೇ ಚಿಕಿತ್ಸೆ ಕೊಡ್ತಾರೆ." ಭಾಷಣದ ಮಾತು ಬಂದಾಗ ನನಗೆ ಕಂಡದ್ದು ನನ್ನ ವಂದನಾರ್ಪಣೆಯಲ್ಲ, ಆ ಲಂಗ ಹಿಡಿದ ಕೈಗಳು. ಇತಿಹಾಸದ ಟೀಚರಿಗೆ ಇರುವ ಚಟ ಒಂದೇ, ಇದನ್ನು ಮೊದಲು ಯಾರು ಮಾಡಿದರು, ಯಾವಾಗ ಮಾಡಿದರು ಎಂದು ಕೇಳುವುದು. ಹುಡುಕುತ್ತಾ ಹೋದೆ.

ಯಂತ್ರ ಹೊಸದು, ಉಪಾಯ ಹಳೆಯದು. ಜರ್ಮನ್ ಕವಿ ಗಯಟೆ 1770ರ ಸುಮಾರಿಗೆ ಸ್ಟ್ರಾಸ್‌ಬರ್ಗಿನಲ್ಲಿ ಓದುತ್ತಿದ್ದಾಗ ಎತ್ತರವೆಂದರೆ ತಲೆ ಸುತ್ತುತ್ತಿತ್ತಂತೆ. ಆತ ಅಲ್ಲಿಯ ದೊಡ್ಡ ಚರ್ಚಿನ ಗೋಪುರವನ್ನು ಮತ್ತೆ ಮತ್ತೆ ಹತ್ತಿ, ಹೆದರಿಕೆ ಇಳಿಯುವವರೆಗೆ ಅಲ್ಲೇ ನಿಂತು ರೂಢಿ ಮಾಡಿಕೊಂಡದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಒಂದು ಮಾತು ಗಮನಿಸಿ. ಅವನನ್ನು ಯಾರೂ ತಳ್ಳಲಿಲ್ಲ. ತಾನಾಗಿ ಹತ್ತಿದ.

ಹೆದರಿಕೆ ಹುಟ್ಟುವುದು ಹೇಗೆ ಎಂದು ನಮಗೆ ತೆನಾಲಿ ರಾಮಕೃಷ್ಣ ಮೊದಲೇ ಹೇಳಿಕೊಟ್ಟಿದ್ದಾನೆ. ಸುಡುವ ಹಾಲಿಗೆ ಬಾಯಿಟ್ಟ ಅವನ ಬೆಕ್ಕು ಮುಂದೆ ಹಾಲಿನ ಬಟ್ಟಲು ಕಂಡರೇ ಓಟ ಕಿತ್ತಿತು. ಅಮೆರಿಕದ ಬಾಲ್ಟಿಮೋರಿನಲ್ಲಿ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಎಂಬಿಬ್ಬರು ಇದನ್ನೇ ಒಂದು ಹಸುಗೂಸಿನ ಮೇಲೆ ಮಾಡಿ 1920ರಲ್ಲಿ ಪ್ರಕಟಿಸಿದರು. ಆಲ್ಬರ್ಟ್ ಎಂದು ಕರೆಯಲಾದ, ಇನ್ನೂ ವರ್ಷ ತುಂಬದ ಆ ಮಗು ಬಿಳಿ ಇಲಿಯನ್ನು ಮುಟ್ಟಲು ಹೋದಾಗಲೆಲ್ಲ ಅದರ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಬಾರಿಸಿದರು. ಮಗು ಇಲಿಗೆ ಹೆದರಿತು. ಮೊಲಕ್ಕೂ ನಾಯಿಗೂ ತುಪ್ಪಳದ ಕೋಟಿಗೂ ಹೆದರಿತು. ಆ ಹೆದರಿಕೆಯನ್ನು ತೆಗೆಯುವ ಮೊದಲೇ ತಾಯಿ ಮಗುವನ್ನು ಕರೆದುಕೊಂಡು ಹೊರಟುಹೋದಳು. ಇದನ್ನು ಓದಿದಾಗ ನನಗೆ ಸಿಟ್ಟು ಬಂತು. ಸ್ವಲ್ಪ ಹೊತ್ತಿನ ಮೇಲೆ, ಆ ಸಿಟ್ಟಿನಲ್ಲಿ ನನಗೂ ಒಂದು ಪಾಲು ಸೇರಬೇಕು ಎನ್ನಿಸಿತು.

ಹುಟ್ಟಿಸಿದ ಹೆದರಿಕೆಯನ್ನು ಇಳಿಸುವುದು ಹೇಗೆ ಎಂದು ಕೇಳಿದವಳು ರೊಸಾಲಿಯ ಕಾಲೇಜು ಗೆಳತಿ ಮೇರಿ ಕವರ್ ಜೋನ್ಸ್. ಅವಳಿಗೆ ಸಿಕ್ಕ ಹುಡುಗ ಪೀಟರ್, ಇನ್ನೂ ಮೂರು ತುಂಬಿರಲಿಲ್ಲ. ಮೊಲ ಕಂಡರೆ ಚೀರುತ್ತಿದ್ದ. ಮೇರಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಅವನಿಗೆ ಇಷ್ಟವಾದ ತಿಂಡಿ ಕೊಟ್ಟು, ಪಂಜರದಲ್ಲಿದ್ದ ಮೊಲವನ್ನು ದೂರದಲ್ಲಿ ಇಡುತ್ತಿದ್ದಳು. ಅವನು ನೆಮ್ಮದಿಯಾಗಿ ತಿನ್ನುತ್ತಿದ್ದರೆ ಪಂಜರ ಸ್ವಲ್ಪ ಹತ್ತಿರ. ಮೊದಲು 12 ಅಡಿ, ಆಮೇಲೆ 4 ಅಡಿ, ಆಮೇಲೆ 3. ಹೆದರದ ಬೇರೆ ಮಕ್ಕಳನ್ನೂ ಜೊತೆಗೆ ಆಡಲು ಬಿಡುತ್ತಿದ್ದಳು. ನಡುವೆ ಪೀಟರನಿಗೆ ಜ್ವರ ಬಂದು ಎರಡು ತಿಂಗಳು ತಪ್ಪಿತು, ಆಸ್ಪತ್ರೆಯಿಂದ ಹೊರಡುವಾಗ ದೊಡ್ಡ ನಾಯಿಯೊಂದು ಮೇಲೆರಗಿ ಹೆದರಿಕೆ ಮೊದಲಿನಂತೆಯೇ ಮರಳಿತು. ಮೇರಿ ಬೈಯಲಿಲ್ಲ, ಮತ್ತೆ ದೂರದಿಂದ ಶುರುಮಾಡಿದಳು. ಕೊನೆಗೆ ಪೀಟರ್ ಮೊಲವನ್ನು ನೇವರಿಸಿ, ಬೆರಳನ್ನು ಕಚ್ಚಲು ಕೊಡುವಷ್ಟು ಧೈರ್ಯವಂತನಾದ. ಇದನ್ನು ಅವಳು ಪ್ರಕಟಿಸಿದ್ದು 1924ರಲ್ಲಿ. ಊಟ ಮಾಡದ ಮಗುವಿಗೆ ಚಂದಮಾಮನನ್ನು ತೋರಿಸಿ ತುತ್ತು ನುಂಗಿಸುವ ನಮಗೆ ಈ ವಿದ್ಯೆ ಹೊಸದೇನಲ್ಲ. ಆದರೆ ಅದನ್ನು ಅಳೆದು, ಬರೆದು, ಶಾಸ್ತ್ರ ಮಾಡಿದವಳು ಅವಳು.

ಮುಂದಿನ ಹೆಜ್ಜೆ ದಕ್ಷಿಣ ಆಫ್ರಿಕದ ವೈದ್ಯ ಜೋಸೆಫ್ ವೋಲ್ಪೆಯವರದು. ಎರಡನೆಯ ಮಹಾಯುದ್ಧದಲ್ಲಿ ಮನಸ್ಸು ಮುರಿದ ಸೈನಿಕರನ್ನು ನೋಡಿಕೊಂಡಿದ್ದ ಅವರು 1958ರಲ್ಲಿ ತಮ್ಮ ಪುಸ್ತಕ ಹೊರತಂದರು. ಅವರ ಪದ್ಧತಿಯಲ್ಲಿ ಮೊದಲು ಮೈಯನ್ನು ಸಡಿಲ ಬಿಡುವುದನ್ನು ಕಲಿಯಬೇಕು. ಹೆದರಿಕೆಗಳನ್ನು ಕಡಿಮೆಯಿಂದ ಹೆಚ್ಚಿಗೆ ಏಣಿಯ ಮೆಟ್ಟಿಲಿನಂತೆ ಪಟ್ಟಿ ಮಾಡಬೇಕು. ಕಣ್ಣು ಮುಚ್ಚಿ ಒಂದೊಂದನ್ನೇ ಮನಸ್ಸಿನಲ್ಲಿ ತಂದುಕೊಳ್ಳಬೇಕು. ಹೆದರಿಕೆ ಎಷ್ಟು ಎಂದು ಸೊನ್ನೆಯಿಂದ ನೂರರವರೆಗೆ ರೋಗಿಯೇ ಅಂಕ ಹಾಕಬೇಕು. ಅಂಕ ಇಳಿದ ಮೇಲೆ ಮುಂದಿನ ಮೆಟ್ಟಿಲು. ನಾವು ಮಕ್ಕಳಿಗೆ ಅಂಕ ಹಾಕುತ್ತೇವೆ, ಇಲ್ಲಿ ಹೆದರಿದವರೇ ತಮಗೆ ಅಂಕ ಹಾಕಿಕೊಳ್ಳುತ್ತಾರೆ. ಬೇರೆಯವರ ಹೆದರಿಕೆಯನ್ನು ನಾವು ಅಳೆಯಬಾರದು ಎಂಬ ಮರ್ಯಾದೆ ಇದರಲ್ಲಿದೆ.

ಕಷ್ಟ ಎಲ್ಲಿ ಬಂತೆಂದರೆ, ಎಲ್ಲರಿಗೂ ಕಲ್ಪನೆ ಒಂದೇ ಸಮ ಓಡುವುದಿಲ್ಲ. ಕೆಲವರಿಗೆ ಕಣ್ಣು ಮುಚ್ಚಿದರೆ ಕತ್ತಲೆ ಬಿಟ್ಟು ಏನೂ ಕಾಣದು. ಇನ್ನು ಕೆಲವರು ಹೆದರಿಕೆಯ ಜಾಗ ಬಂದಾಗ ಮೆಲ್ಲಗೆ ಮನೆಯ ಲೆಕ್ಕಕ್ಕೆ ಜಾರಿಕೊಳ್ಳುತ್ತಾರೆ. ನಿಜವಾದ ಜಾಗಕ್ಕೇ ಕರೆದೊಯ್ಯುವುದು ಒಳ್ಳೆಯ ದಾರಿ, ಆದರೆ ವಿಮಾನಕ್ಕೆ ಹೆದರುವವರಿಗೆ ಎಷ್ಟು ಸಲ ಟಿಕೆಟ್ ಕೊಳ್ಳುವುದು? ಭಾಷಣಕ್ಕೆ ಹೆದರುವವರಿಗಾಗಿ ನೂರು ಜನರನ್ನು ಪ್ರತಿ ಮಂಗಳವಾರ ಎಲ್ಲಿಂದ ಕರೆತಂದು ಕೂರಿಸುವುದು?

ಈ ಕಷ್ಟಕ್ಕೆ ಉತ್ತರ ಬೇರೆ ಓಣಿಯಿಂದ ಬಂತು. 1968ರಲ್ಲಿ ಇವಾನ್ ಸದರ್ಲ್ಯಾಂಡ್ ಎಂಬ ಕಂಪ್ಯೂಟರ್ ವಿಜ್ಞಾನಿ, ತಲೆಗೆ ಕಟ್ಟುವ ಒಂದು ತೆರೆಯನ್ನು ಮಾಡಿದ. ಅದರ ತಲೆ ಜಾಡನ್ನು ಹಿಡಿಯುವ ಸಲಕರಣೆ ಮೇಲ್ಛಾವಣಿಯಿಂದ ಇಳಿಬಿದ್ದಿತ್ತು. ಕಾಣುತ್ತಿದ್ದುದು ಬರೀ ಗೆರೆಗಳ ಚಿತ್ರ. ಆದರೆ ತಲೆ ತಿರುಗಿಸಿದರೆ ಚಿತ್ರವೂ ಅದಕ್ಕೆ ತಕ್ಕಂತೆ ತಿರುಗುತ್ತಿತ್ತು. ಗುಟ್ಟೆಲ್ಲ ಇದರಲ್ಲೇ ಇದೆ. ಎರಡು ಕಣ್ಣಿಗೆ ಸ್ವಲ್ಪ ಬೇರೆ ಬೇರೆ ಚಿತ್ರ ತೋರಿಸಿದರೆ ಆಳ ಕಾಣುತ್ತದೆ, ಕತ್ತು ಹೊರಳಿಸಿದಂತೆ ಲೋಕವೂ ಹೊರಳಿದರೆ ಮೈ ಅದನ್ನು ನಂಬುತ್ತದೆ. ಬುದ್ಧಿ ನಂಬದಿದ್ದರೂ ಮೈ ನಂಬುತ್ತದೆ. ನನ್ನ ಬೀರುವಿನ ಹಿಡಿಯೇ ಇದಕ್ಕೆ ಸಾಕ್ಷಿ.

ಈ ಎರಡು ಓಣಿಗಳು ಕೂಡಿದ ಊರುಗಳಲ್ಲಿ ಮುಖ್ಯವಾದದ್ದು ಅಮೆರಿಕದ ಅಟ್ಲಾಂಟಾ. ಅಲ್ಲಿಯ ಎಮೊರಿ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಬಾರ್ಬರಾ ರಾಥ್‌ಬಾಮ್ ಮತ್ತು ಕಂಪ್ಯೂಟರ್ ಪಂಡಿತ ಲ್ಯಾರಿ ಹಾಡ್ಜಸ್ ಜೊತೆಗೂಡಿ 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎತ್ತರಕ್ಕೆ ಹೆದರುವ 20 ಕಾಲೇಜು ವಿದ್ಯಾರ್ಥಿಗಳಲ್ಲಿ 12 ಮಂದಿಗೆ ಚಿಕಿತ್ಸೆ, ಉಳಿದ 8 ಮಂದಿಗೆ ಸದ್ಯಕ್ಕೆ ಕಾಯುವ ಸರದಿ. ನೀರಿನ ಮೇಲಿನ ಸೇತುವೆಗಳು, ಬೇರೆ ಬೇರೆ ಎತ್ತರದ ಬಾಲ್ಕನಿಗಳು, 49 ಮಹಡಿ ಏರುವ ಗಾಜಿನ ಲಿಫ್ಟು, ಇವೆಲ್ಲ ಕಂಪ್ಯೂಟರಿನೊಳಗೆ. ಹುಡುಗರು ಬಾಲ್ಕನಿಯಿಂದ ಬಾಲ್ಕನಿಗೆ ಮೆಲ್ಲಗೆ ಏರಿದರು. ಚಿಕಿತ್ಸೆ ಪೂರೈಸಿದ 10 ಮಂದಿಯಲ್ಲಿ 7 ಮಂದಿ, ಯಾರೂ ಹೇಳದಿದ್ದರೂ, ತಾವಾಗಿ ನಿಜವಾದ ಎತ್ತರಗಳಿಗೆ ಹೋಗಿ ನಿಂತು ನೋಡಿಕೊಂಡಿದ್ದರು. ಸುಳ್ಳು ಲಿಫ್ಟಿನಲ್ಲಿ ಕಲಿತದ್ದು ನಿಜವಾದ ಮೆಟ್ಟಿಲಿಗೂ ಒದಗಿತು ಎಂದಾಯಿತು.

ಇನ್ನೊಂದು ಸಂಗತಿ ಸಿಯಾಟಲ್ ನಗರದ್ದು. ಜೇಡನ ಹೆದರಿಕೆಯಿಂದ ಇಪ್ಪತ್ತು ವರ್ಷ ನರಳಿದ ಒಬ್ಬ ಹೆಂಗಸು. ಶಿಶುಗೀತೆಯೊಂದರಲ್ಲಿ ಜೇಡ ಕಂಡು ಓಡುವ ಹುಡುಗಿಯ ನೆನಪಿನಲ್ಲಿ ವೈದ್ಯರು ಆಕೆಗೆ ಮಿಸ್ ಮಫೆಟ್ ಎಂದು ಹೆಸರು ಕೊಟ್ಟರು. ಆಕೆ ರಾತ್ರಿ ಮಲಗುವ ಮುನ್ನ ಕಿಟಕಿಗಳ ಸಂದುಗಳಿಗೆಲ್ಲ ಟೇಪು ಅಂಟಿಸುತ್ತಿದ್ದಳು, ಒಗೆದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡುತ್ತಿದ್ದಳು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಲ್ಬರ್ಟ್ ಕಾರ್ಲಿನ್, ಹಂಟರ್ ಹಾಫ್‌ಮನ್ ಮೊದಲಾದವರು ಆಕೆಗೆ ಕಂಪ್ಯೂಟರಿನಲ್ಲಿ ಒಂದು ಅಡುಗೆಮನೆ ಕಟ್ಟಿ, ಅದರಲ್ಲಿ ಜೇಡವನ್ನು ದೂರದಲ್ಲಿಟ್ಟರು. ದಿನ ಕಳೆದಂತೆ ಹತ್ತಿರ. ಆಮೇಲೆ, ಕಣ್ಣು ಆ ಜೇಡವನ್ನು ನೋಡುತ್ತಿರುವಾಗಲೇ ಕೈಗೆ ತುಪ್ಪಳದ ಆಟಿಕೆ ಜೇಡ ತಾಗುವಂತೆ ಮಾಡಿದರು. ವಾರಕ್ಕೊಂದು ಗಂಟೆಯಂತೆ 12 ಸಲ. ಕೊನೆಗೆ ಆಕೆ ನಿಜವಾದ ದೊಡ್ಡ ಜೇಡವನ್ನೇ ಕೈಮೇಲೆ ಹರಿಯಲು ಬಿಟ್ಟಳು. ಆ ವರದಿ ಪ್ರಕಟವಾದದ್ದು 1997ರಲ್ಲಿ. ಸಿಯಾಟಲ್‌ನಲ್ಲಿ ಒಬ್ಬ ಹೆಂಗಸಿನ ಹತ್ತಿರಕ್ಕೆ ಒಂದು ಸುಳ್ಳು ಜೇಡವನ್ನು ಅಷ್ಟು ಹುಷಾರಾಗಿ ತಂದದ್ದನ್ನು ಜಗತ್ತು ಓದಿದ ವರ್ಷವೇ, ನಾನು ಒಬ್ಬ ಹುಡುಗಿಯನ್ನು ಊರೆಲ್ಲ ಕೂತ ಮೈದಾನದ ಮುಂದೆ ಒಂದೇ ಏಟಿಗೆ ತಳ್ಳಿದ್ದೆ.

ಮರುವರ್ಷ, 1998ರಲ್ಲಿ, ಸ್ಪೇನಿನ ಕ್ರಿಸ್ಟಿನಾ ಬೊಟೆಲ್ಯಾ ಮತ್ತು ಸಂಗಡಿಗರು, ಇಕ್ಕಟ್ಟಿನ ಜಾಗಕ್ಕೆ ಹೆದರಿ ಸ್ಕ್ಯಾನ್ ಮಾಡಿಸಿಕೊಳ್ಳಲಾರದೆ ಹೋದ 43 ವರ್ಷದ ಹೆಂಗಸೊಬ್ಬರಿಗೆ ಹೀಗೆಯೇ ಚಿಕಿತ್ಸೆ ಕೊಟ್ಟದ್ದನ್ನು ಬರೆದರು. 2000ದಲ್ಲಿ ರಾಥ್‌ಬಾಮ್ ತಂಡ ವಿಮಾನದ ಹೆದರಿಕೆಯವರನ್ನು ನೋಡಿತು. ಕೆಲವರಿಗೆ ನಿಜವಾದ ವಿಮಾನ ನಿಲ್ದಾಣ, ಕೆಲವರಿಗೆ ಕಂಪ್ಯೂಟರಿನ ವಿಮಾನ. ಇಬ್ಬರಿಗೂ ಹೆಚ್ಚು ಕಡಿಮೆ ಒಂದೇ ಸಮ ಗುಣ.

ಇನ್ನು ನಮ್ಮ ಸಭಾಕಂಪನ. ಅಟ್ಲಾಂಟಾದಲ್ಲೇ ಕ್ಲಾರ್ಕ್ ಅಟ್ಲಾಂಟಾ ವಿಶ್ವವಿದ್ಯಾಲಯದ ಮ್ಯಾಕ್ಸ್ ನಾರ್ತ್, ಸಾರಾ ನಾರ್ತ್ ಮೊದಲಾದವರು ಭಾಷಣದ ಹೆದರಿಕೆಗೆ ಈ ಚಿಕಿತ್ಸೆಯನ್ನು 1998ರಲ್ಲಿ ವರದಿ ಮಾಡಿದರು. ನನಗೆ ಇನ್ನೂ ರುಚಿಸಿದ್ದು ಲಂಡನ್ನಿನ ಪ್ರಯೋಗ. ಮೆಲ್ ಸ್ಲೇಟರ್ ಮತ್ತು ಸಂಗಡಿಗರು ಕಂಪ್ಯೂಟರಿನಲ್ಲಿ ಎಂಟು ಜನ ಗಂಡಸರ ಸಭೆಯನ್ನು ಕೂರಿಸಿದರು. ಒಂದು ಸಲ ಅವರು ತಲೆದೂಗಿ ಮುಗುಳ್ನಗುವವರು, ಒಂದು ಸಲ ಸುಮ್ಮನೆ ಕೂರುವವರು, ಇನ್ನೊಂದು ಸಲ ಆಕಳಿಸುವವರು, ಮುಖ ತಿರುಗಿಸುವವರು, ಮೇಜಿನ ಮೇಲೆ ಕಾಲು ಹಾಕುವವರು. 2002ರಲ್ಲಿ ಪ್ರಕಟವಾದ ಫಲಿತಾಂಶ ನೋಡಿ. ಆಕಳಿಸುವ ಸಭೆಯ ಮುಂದೆ, ಮೊದಲಿನಿಂದ ಸಭಾಕಂಪನ ಇಲ್ಲದವರೂ ಕಂಗೆಟ್ಟರು. ಅವರು ಮನುಷ್ಯರಲ್ಲ, ಬಣ್ಣದ ಚುಕ್ಕೆಗಳು ಎಂದು ಎಲ್ಲರಿಗೂ ಗೊತ್ತಿತ್ತು. ಮದುವೆಗೆ ಹೆಣ್ಣು ನೋಡಲು ಬಂದವರ ಮುಂದೆ ತಟ್ಟೆ ಹಿಡಿದು ನಿಂತ ಯಾರಿಗಾದರೂ ಇದು ಆಶ್ಚರ್ಯ ಅನ್ನಿಸಲಾರದು.

2013ರಲ್ಲಿ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಪೇಜ್ ಆಂಡರ್ಸನ್ ಎಂಬಾಕೆ ಮತ್ತು ಸಂಗಡಿಗರು 97 ಜನರ ಮೇಲೆ ಮಾಡಿದ ಅಧ್ಯಯನ ಬಂತು. ಕೆಲವರು ಯಂತ್ರದ ಸಭೆಯ ಮುಂದೆ, ಕೆಲವರು ತಮ್ಮಂತೆಯೇ ಹೆದರುವ ನಿಜವಾದ ಜನರ ಗುಂಪಿನಲ್ಲಿ ಅಭ್ಯಾಸ ಮಾಡಿದರು. ಎರಡೂ ಒಳ್ಳೆಯ ಫಲ ಕೊಟ್ಟವು, ಒಂದು ಮತ್ತೊಂದಕ್ಕಿಂತ ಮೇಲು ಎಂದು ಕಾಣಲಿಲ್ಲ, ವರ್ಷದ ಮೇಲೂ ಗುಣ ನಿಂತಿತ್ತು. ಈ ಸಾಲನ್ನು ನಾನು ಎರಡು ಸಲ ಓದಿದೆ. ಯಂತ್ರ ಇಲ್ಲದ ಊರಿಗೂ ದಾರಿ ಇದೆ ಎಂದು ಇದರ ಅರ್ಥ. 2018ರಲ್ಲಿ ಆಕ್ಸ್‌ಫರ್ಡಿನ ಡೇನಿಯಲ್ ಫ್ರೀಮನ್ ತಂಡ ಚಿಕಿತ್ಸಕರನ್ನೂ ಯಂತ್ರದೊಳಗೇ ಕೂರಿಸಿತು. ಎತ್ತರಕ್ಕೆ ಹೆದರುವ 100 ಜನರಲ್ಲಿ 49 ಮಂದಿ ಕಂಪ್ಯೂಟರಿನ ಹತ್ತು ಮಹಡಿ ಕಟ್ಟಡದಲ್ಲಿ, ಕಂಪ್ಯೂಟರಿನದೇ ಗುರುವಿನ ಮಾತು ಕೇಳುತ್ತಾ, ಮರದ ಮೇಲೆ ಸಿಕ್ಕಿಕೊಂಡ ಬೆಕ್ಕನ್ನು ಇಳಿಸುವಂಥ ಕೆಲಸಗಳನ್ನು ಮಾಡಿದರು. ಅವರ ಹೆದರಿಕೆ ಸರಾಸರಿ ಶೇಕಡಾ 68ರಷ್ಟು ಇಳಿಯಿತು.

ಇದೆಲ್ಲ ಏಕೆ ಫಲಿಸುತ್ತದೆ? ನಾವು ಹೆದರಿ ಓಡಿದಾಗ ಒಂದು ಹಾಯೆನಿಸುತ್ತದೆ. ಆ ಹಾಯೇ ಮುಂದಿನ ಸಲವೂ ಓಡು ಎಂದು ಕಲಿಸುತ್ತದೆ. ಸಹಿಸಬಹುದಾದಷ್ಟು ಹೆದರಿಕೆಯ ಎದುರು, ಅದು ಇಳಿಯುವವರೆಗೆ ನಿಂತರೆ, ಏನೂ ಆಗಲಿಲ್ಲವಲ್ಲ ಎಂಬ ಹೊಸ ಪಾಠ ಮನಸ್ಸಿಗಾಗುತ್ತದೆ. ಹಳೆಯದು ಅಳಿಸಿಹೋಗುವುದಿಲ್ಲ, ಹೊಸದು ಅದರ ಮೇಲೆ ಕೂರುತ್ತದೆ, ಅಷ್ಟೆ. ಪೀಟರನಿಗೆ ನಾಯಿ ಎರಗಿದಂತೆ ಹಳೆಯದು ಎದ್ದು ಬರುವುದೂ ಉಂಟು. ಯಂತ್ರದಿಂದ ಕೆಲವರಿಗೆ ತಲೆ ಸುತ್ತು, ವಾಕರಿಕೆ ಬರುತ್ತದೆ. ಅಂಗಡಿಯಿಂದ ಆಟಿಕೆಯಂತೆ ತಂದು, ತೀವ್ರವಾಗಿ ನರಳುವವರ ತಲೆಗೆ ಕಟ್ಟುವ ವಸ್ತು ಇದಲ್ಲ. ಅಂಥವರಿಗೆ ಬಲ್ಲ ವೈದ್ಯರು ಪಕ್ಕದಲ್ಲಿರಬೇಕು.

ಈ ವರ್ಷ ಜೂನ್ ತಿಂಗಳಲ್ಲಿ ಎಂಟನೇ ತರಗತಿಗೆ ಮಗಳನ್ನು ಸೇರಿಸಲು ಒಬ್ಬ ತಾಯಿ ಬಂದರು. ನಾನು ಗುರುತು ಹಿಡಿಯಲಿಲ್ಲ. ಅರ್ಜಿಯ ಮೇಲೆ ಹೆಸರು ನೋಡಿ ಕೈ ನಿಂತಿತು. ಆಕೆ ಸಹಿ ಹಾಕಿ, ಏಳುವ ಮುಂಚೆ ಮೆಲ್ಲಗೆ ಹೇಳಿದಳು: "ಟೀಚರ್, ಇವಳು ಚೆನ್ನಾಗಿ ಓದ್ತಾಳೆ. ಸ್ಟೇಜ್ ಮೇಲೆ ಮಾತ್ರ ನಿಲ್ಲಿಸಬೇಡಿ." ಕ್ಷಮಿಸು ಎನ್ನಬೇಕೆಂದಿದ್ದೆ. ಮೈಕೇ ಇಲ್ಲದ ಕೋಣೆಯಲ್ಲಿ, ಒಬ್ಬಳೇ ಒಬ್ಬಳ ಮುಂದೆ, ನನ್ನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. "ಅವಳು ಕೇಳುವ ತನಕ ನಿಲ್ಲಿಸಲ್ಲಮ್ಮ" ಎಂದಷ್ಟೇ ಹೇಳಿದೆ.

ಉತ್ತರಕುಮಾರನ ಕಥೆಯನ್ನು ನಾವು ನಗಲು ಹೇಳುತ್ತೇವೆ. ಆದರೆ ಓಡುತ್ತಿದ್ದವನನ್ನು ಹಿಡಿದು ತಂದ ಬೃಹನ್ನಳೆ ಅವನಿಗೆ ಯುದ್ಧ ಮಾಡು ಎನ್ನಲಿಲ್ಲ. ನೀನು ಲಗಾಮು ಹಿಡಿ, ನಾನು ಹಿಂದೆ ಇರುತ್ತೇನೆ ಎಂದಳು. ನಾನು 1997ರಲ್ಲಿ ಆ ಹುಡುಗಿಯ ಕೈಗೆ ಯಾವ ಲಗಾಮು ಕೊಟ್ಟಿದ್ದೆ?

ನಮ್ಮ ಶಾಲೆಯಲ್ಲಿ ಯಂತ್ರವಿಲ್ಲ. ಜುಲೈಯಿಂದ ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ, ಬರುತ್ತೇವೆ ಎಂದ ಹುಡುಗಿಯರನ್ನು ಮಾತ್ರ ಕೂರಿಸಿಕೊಳ್ಳುತ್ತಿದ್ದೇನೆ. ಮೊದಲು ಪಾಠದ ಒಂದು ಪ್ಯಾರಾವನ್ನು ಗೋಡೆಗೆ ಓದುವುದು. ಆಮೇಲೆ ಗೆಳತಿಗೆ, ಆಮೇಲೆ ಇಬ್ಬರಿಗೆ, ಆಮೇಲೆ ನಾಲ್ವರಿಗೆ. ಕಡಲೆಕಾಯಿ, ಬೆಲ್ಲ ಹಂಚುತ್ತೇನೆ, ಮೇರಿಯ ಹೆಸರಿನಲ್ಲಿ. ಎಷ್ಟು ಹೆದರಿಕೆಯಾಯಿತು ಎಂದು ಅವರೇ ನೂರಕ್ಕೆ ಅಂಕ ಬರೆದುಕೊಳ್ಳುತ್ತಾರೆ. ಅಂಕ ಇಳಿಯದೆ ಯಾರೂ ಮುಂದಿನ ಮೆಟ್ಟಿಲಿಗೆ ಹೋಗುವಂತಿಲ್ಲ, ತಳ್ಳುವಂತೆಯೂ ಇಲ್ಲ. ಆ ತಾಯಿಯ ಮಗಳು ಮೂರನೇ ವಾರ ತಾನಾಗಿ ಬಂದು ಹಿಂದೆ ಕೂತಳು. ದೀಪಾವಳಿ ರಜೆ ಮುಗಿದು ಬಂದ ಮೇಲೆ ಅವಳ ಅಂಕ 90ಕ್ಕೆ ಮರಳಿತ್ತು, ಗೋಡೆಯಿಂದಲೇ ಮತ್ತೆ ಶುರುಮಾಡಿದೆವು. ಕಳೆದ ಶನಿವಾರ ಒಂಬತ್ತು ಜನರ ಮುಂದೆ ಓದಿ, 40 ಎಂದು ಬರೆದಳು. ಜನವರಿ 26ರ ಭಾಷಣದ ಪಟ್ಟಿಯಲ್ಲಿ ಅವಳ ಹೆಸರಿಲ್ಲ. ಅವಳಾಗಿ ಕೇಳಿಲ್ಲ.

ನನ್ನ ಸಮಾಚಾರ ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮೂರಿನ ಮಹಿಳಾ ಸಮಾಜದವರು ಇದೇ ವಿಷಯವಾಗಿ ಮಾತಾಡಿ ಎಂದು ಕರೆದಿದ್ದಾರೆ. ಬರುತ್ತೇನೆ, ಆದರೆ ಮೊದಲ ಸಲಕ್ಕೆ ಎಂಟೇ ಕುರ್ಚಿ ಹಾಕಿಸಿ ಎಂದು ಹೇಳಿ ಕಳಿಸಿದ್ದೇನೆ. ಆಕಳಿಸುವವರಿದ್ದರೆ ಹಿಂದಿನ ಸಾಲಿಗೆ.